ಗಿಟಾರ್ ಹಿಡಿದಾಗ ನೋವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಗಿಟಾರ್ ಕಲಿಯಲು ಬರುವವರಿಂದ ನಾನು ಹೆಚ್ಚಾಗಿ ಕೇಳುವ ದೂರು ಎಡ ಮಣಿಕಟ್ಟಿನದು. ಎಫ್ ಕಾರ್ಡ್ (ಕಾರ್ಡ್ ಎಂದರೆ ಹಲವು ತಂತಿಗಳನ್ನು ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದರೆ ಮಣಿಕಟ್ಟು ಸೆಳೆಯುತ್ತದೆ, ಹೆಬ್ಬೆರಳಿನ ಬುಡ ಉರಿಯುತ್ತದೆ, ಎರಡು ಹಾಡು ಮುಗಿಯುವಷ್ಟರಲ್ಲಿ ಕೈ ಸೋಲುತ್ತದೆ. ಅವರಿಗೆ ಸಿಕ್ಕಿರುವ ಸಲಹೆಯೂ ಸಾಮಾನ್ಯವಾಗಿ ಒಂದೇ: ಬೆರಳಿಗೆ ಬಲ ಸಾಲದು, ಸ್ಪಂಜಿನ ಚೆಂಡು ಹಿಸುಕಿ, ಅಭ್ಯಾಸ ಹೆಚ್ಚಿಸಿ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬಲ ಸಾಲದೆ ನೋಯುವ ಕೈ ಅಪರೂಪ. ತನ್ನದಲ್ಲದ ಕೆಲಸ ಮಾಡಿ ನೋಯುವ ಕೈಗಳೇ ಹೆಚ್ಚು. ಕುರ್ಚಿ, ತೊಡೆ, ಸ್ಟ್ರ್ಯಾಪ್ (ಹೆಗಲಿಗೆ ಹಾಕುವ ಪಟ್ಟಿ) ಹೊರಬೇಕಾದ ಭಾರವನ್ನು ಎಡಗೈ ಹೊತ್ತುಕೊಂಡು, ಅದರ ಮೇಲೆ ಕಾರ್ಡನ್ನೂ ಹಿಡಿಯಬೇಕಾಗಿ ಬಂದಿರುತ್ತದೆ.

ಆದ್ದರಿಂದ ನೋವು ಕಾಣಿಸಿಕೊಂಡ ಜಾಗದಿಂದ ಹುಡುಕಾಟ ಆರಂಭಿಸಬೇಡಿ. ನೆಲದಿಂದ ಮೇಲಕ್ಕೆ ಬನ್ನಿ: ಪಾದ, ಆಸನ, ಗಿಟಾರಿಗೆ ಇರುವ ಆಧಾರ, ಬಲತೋಳು, ಕಟ್ಟಕಡೆಗೆ ಎಡಗೈ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಚೆನ್ನಾಗಿ ಬರುವ ಒಂದು ಹಾಡನ್ನು ಹತ್ತು ನಿಮಿಷ ನುಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ. ಕುರ್ಚಿ, ಸ್ಟ್ರ್ಯಾಪ್, ತಂತಿ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ನೋವು ಮರಳಿದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಎಡಗೈ ಬೆರಳ ತುದಿಯ ಚರ್ಮದ ಉರಿ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಲೋಹದ ತಂತಿಗೆ ಚರ್ಮ ಗಟ್ಟಿಯಾಗುವವರೆಗೆ ಅದು ಇರುವುದೇ, ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕೀಲು, ಸ್ನಾಯು, ನರಗಳ ನೋವನ್ನು ಅದರ ಜೊತೆ ಸೇರಿಸಿ ಸಹಿಸಿಕೊಳ್ಳಬೇಡಿ. ಅವು ಸಹನೆಯಿಂದ ಗಟ್ಟಿಯಾಗುವುದಿಲ್ಲ, ಹದಗೆಡುತ್ತವೆ.

ಎಡಗೈ ಬಿಟ್ಟು ನೋಡಿ

ಎಂದಿನಂತೆ ಕುಳಿತು ಗಿಟಾರ್ ಹಿಡಿಯಿರಿ. ಈಗ ಎಡಗೈಯನ್ನು ನೆಕ್‌ನಿಂದ, ಅಂದರೆ ಗಿಟಾರಿನ ಉದ್ದ ಕತ್ತಿನಿಂದ, ತೆಗೆದು ಪಕ್ಕಕ್ಕೆ ಇಳಿಬಿಡಿ. ಬಲಗೈ ಮಾತ್ರ ಬಿಡಿ ತಂತಿಗಳನ್ನು ಮೀಟುತ್ತಿರಲಿ. ಅರ್ಧ ನಿಮಿಷ ಏನಾಗುತ್ತದೆ ಎಂದು ಗಮನಿಸಿ. ಗಿಟಾರ್ ಇದ್ದಲ್ಲೇ ಇದ್ದರೆ ನಿಮ್ಮ ಆಧಾರ ಸರಿಯಿದೆ, ದೋಷ ಬೇರೆಡೆ ಇದೆ. ಅಲುಗಿದರೆ, ಅದು ಯಾವ ಕಡೆಗೆ ಅಲುಗಿತು ಎಂಬುದೇ ಕಾರಣವನ್ನು ಹೇಳುತ್ತದೆ.

ನೆಕ್ ನೆಲದ ಕಡೆಗೆ ವಾಲಿದರೆ, ಬಲ ಮುಂಗೈಯ ಭಾರ ಗಿಟಾರಿನ ಮೇಲೆ ಬಿದ್ದಿಲ್ಲ, ಅಥವಾ ಬಾಡಿಗಿಂತ ನೆಕ್ ಭಾರವಾಗಿದೆ. ಇಷ್ಟು ದಿನ ಆ ವಾಲುವಿಕೆಯನ್ನು ತಡೆದಿದ್ದು ಎಡಗೈ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಜಾಗ ನೆಕ್‌ಗೆ ಕೆಳಗಿನಿಂದ ಗೂಟ ಕೊಟ್ಟಂತೆ ನಿಂತಿತ್ತು. ಹಾಗೆ ನಿಂತ ಕೈ ಕಾರ್ಡಿನಿಂದ ಕಾರ್ಡಿಗೆ ಹೇಗೆ ತಾನೇ ಹಗುರವಾಗಿ ಸರಿದೀತು?

ಬಾಡಿಯ ತಳ ತೊಡೆಯ ಮೇಲಿಂದ ಮುಂದಕ್ಕೆ ಜಾರಿದರೆ ತೊಡೆ ಮೊಣಕಾಲಿನ ಕಡೆಗೆ ಇಳಿಜಾರಾಗಿದೆ ಎಂದರ್ಥ. ಆಸನ ತೀರ ಎತ್ತರವಾಗಿರಬಹುದು, ಅಥವಾ ನೀವು ಪಾದಗಳನ್ನು ಕುರ್ಚಿಯ ಕೆಳಗೆ ಹಿಂದಕ್ಕೆ ಎಳೆದುಕೊಂಡಿರಬಹುದು. ನಯವಾದ ಬಟ್ಟೆಯೂ ಒಂದು ಕಾರಣ. ಡ್ರಾಯರಿನೊಳಗೆ ಹಾಸುವ ಜಾಲರಿಯಂಥ ರಬ್ಬರ್ ಹಾಸಿನ ಒಂದು ತುಂಡನ್ನು ತೊಡೆಯ ಮೇಲೆ ಇಟ್ಟರೆ ಜಾರುವುದು ನಿಲ್ಲುತ್ತದೆ. ನುಡಿಸಿದ ಮೇಲೆ ಅದನ್ನು ಗಿಟಾರಿಗೆ ಅಂಟಿಕೊಂಡಿರಲು ಬಿಡಬೇಡಿ, ಕೆಲವು ಬಗೆಯ ಪಾಲಿಶ್ ರಬ್ಬರಿನ ಸಂಪರ್ಕದಿಂದ ಹಾಳಾಗುತ್ತದೆ.

ಮೂರನೆಯದು, ಗಿಟಾರಿನ ಮುಖ ಮೇಲಕ್ಕೆ ತಿರುಗುವುದು. ಇದಕ್ಕೆ ಕುರ್ಚಿಯಾಗಲಿ ತೊಡೆಯಾಗಲಿ ಕಾರಣವಲ್ಲ, ಕಣ್ಣು ಕಾರಣ. ಫ್ರೆಟ್‌ಗಳನ್ನು (ನೆಕ್ ಮೇಲಿನ ಅಡ್ಡ ಕಂಬಿಗಳ ಮನೆಗಳನ್ನು) ನೋಡಲೆಂದು ನೀವೇ ಅದನ್ನು ನಿಮ್ಮ ಕಡೆ ತಿರುಗಿಸಿಕೊಂಡಿದ್ದೀರಿ. ಬೆನ್ನಿನ ಮಾತು ಬಂದಾಗ ಇದಕ್ಕೆ ಮರಳುತ್ತೇನೆ.

ಆಸನ

ನಮ್ಮ ಮನೆಗಳಲ್ಲಿ ಗಿಟಾರ್ ನುಡಿಸಲು ಸಿಗುವ ಆಸನಗಳಲ್ಲಿ ಬಹುಪಾಲು ಅದಕ್ಕೆ ಹೊಂದುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಆಸನ ಹಿಂದಕ್ಕೆ ಇಳಿಜಾರಾಗಿರುತ್ತದೆ, ಕುಳಿತವರ ಸೊಂಟ ಹಿಂದಕ್ಕೆ ಉರುಳಿ ಬೆನ್ನು ಬಾಗುತ್ತದೆ. ಅದರ ಕೈಗಳು ಗಿಟಾರಿನ ಬಾಡಿಗೆ ತಾಗಿ ವಾದ್ಯವನ್ನು ಮುಂದಕ್ಕೆ ತಳ್ಳುತ್ತವೆ. ಸೋಫಾದಲ್ಲಿ ಸೊಂಟ ಮೊಣಕಾಲಿಗಿಂತ ಕೆಳಗೆ ಹೂತುಹೋಗುತ್ತದೆ. ಮಂಚದ ಅಂಚಿನಲ್ಲಿ ಹಾಸಿಗೆ ಕುಸಿಯುತ್ತದೆ. ಕಚೇರಿಯ ತಿರುಗು ಕುರ್ಚಿ ಬಲಗೈಯ ಪ್ರತಿ ಮೀಟಿಗೂ ಅಷ್ಟಿಷ್ಟು ಅಲುಗುತ್ತದೆ.

ಬೇಕಾದದ್ದು ಕೈಗಳಿಲ್ಲದ, ಗಟ್ಟಿಯಾದ, ಸಮತಟ್ಟಾದ ಆಸನ. ಊಟದ ಮೇಜಿನ ಕುರ್ಚಿ ಬಹುತೇಕರಿಗೆ ಸಾಕು. ಪಾದಗಳೆರಡೂ ನೆಲಕ್ಕೆ ಪೂರ್ತಿ ಊರಿರಬೇಕು, ತೊಡೆ ನೆಲಕ್ಕೆ ಸಮಾನಾಂತರವಾಗಿರಬೇಕು ಅಥವಾ ಮೊಣಕಾಲು ಸೊಂಟಕ್ಕಿಂತ ಕೂದಲೆಳೆಯಷ್ಟು ಕೆಳಗಿರಬೇಕು. ಬೆನ್ನನ್ನು ಕುರ್ಚಿಗೆ ಒರಗಿಸದೆ ಆಸನದ ಮುಂದಿನ ಅರ್ಧದಲ್ಲಿ ಕುಳಿತುಕೊಳ್ಳಿ. ಪಾದ ನೆಲಕ್ಕೆ ಎಟಕದಿದ್ದರೆ ಕೆಳಗೆ ಮಣೆ ಇಡಿ. ಪ್ಲಾಸ್ಟಿಕ್ ಕುರ್ಚಿಯೇ ಗತಿ ಎಂದಾದರೆ ಆಸನದ ಹಿಂಭಾಗಕ್ಕೆ ಮಡಿಸಿದ ಟವೆಲ್ ಇಟ್ಟು ಇಳಿಜಾರನ್ನು ತುಂಬಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಸೊಂಟ ನೋವಿನ ದೂರುಗಳಲ್ಲಿ ಎಷ್ಟೋ ಇಲ್ಲಿಗೇ ಮುಗಿಯುತ್ತವೆ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನುಡಿಸಬಹುದೇ ಎಂದು ಕೇಳುವವರಿದ್ದಾರೆ. ಬಾಲ್ಯದಿಂದ ನೆಲದಲ್ಲಿ ಕುಳಿತು ಅಭ್ಯಾಸವಿದ್ದರೆ ಖಂಡಿತ ಆಗುತ್ತದೆ. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವವರು ಕಛೇರಿಯಲ್ಲಿ ಹಾಗೆಯೇ ಕೂರುತ್ತಾರೆ. ಷರತ್ತು ಒಂದೇ, ಸೊಂಟ ಮೊಣಕಾಲಿಗಿಂತ ಎತ್ತರದಲ್ಲಿರಬೇಕು. ದಪ್ಪ ದಿಂಬೊಂದನ್ನು ಪೃಷ್ಠದ ಕೆಳಗೆ ಮಾತ್ರ ಇಟ್ಟುಕೊಂಡರೆ ಬೆನ್ನು ತಾನಾಗಿ ನೇರವಾಗುತ್ತದೆ. ಬರಿನೆಲದಲ್ಲಿ ಕುಳಿತು ಮೊಣಕಾಲು ಮೇಲೆದ್ದರೆ ಗಿಟಾರ್ ಎದೆಯತ್ತ ಏರುತ್ತದೆ, ಬಲ ಹೆಗಲು ಅದರ ಜೊತೆಗೇ ಏರುತ್ತದೆ. ಗಿಟಾರನ್ನು ಮಡಿಲಲ್ಲಿ ಅಡ್ಡಲಾಗಿ ಮಲಗಿಸಿ ಮೇಲಿನಿಂದ ನುಡಿಸುವ ಹಿಂದುಸ್ತಾನಿ ಸ್ಲೈಡ್ ಗಿಟಾರಿನ ವಿಷಯ ಬೇರೆ. ಅಲ್ಲಿ ಕೈ ನೆಕ್ ಅನ್ನು ಹಿಡಿಯುವುದೇ ಇಲ್ಲ, ಈ ಬರಹದ ಅರ್ಧ ತೊಂದರೆಗಳು ಅಲ್ಲಿ ಹುಟ್ಟುವುದಿಲ್ಲ.

ಗಿಟಾರನ್ನು ಹೊತ್ತಿರುವುದು ಯಾವುದು?

ಈ ಪ್ರಶ್ನೆ ವಾದ್ಯದಷ್ಟೇ ಹಳೆಯದು. ಸ್ಪೇನಿನ ಗಿಟಾರ್ ವಾದಕ ಫೆರ್ನಾಂಡೊ ಸೋರ್ 1830ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಪಾಠಕ್ರಮದಲ್ಲಿ ಗಿಟಾರನ್ನು ಮೇಜಿನ ಮೂಲೆಗೆ ಆನಿಸಿ ನುಡಿಸುವಂತೆ ಹೇಳುತ್ತಾರೆ. ಅವರ ಗೆಳೆಯ ಡಿಯೊನಿಸಿಯೊ ಅಗ್ವಾಡೊ ಇನ್ನೂ ಮುಂದೆ ಹೋಗಿ, ಗಿಟಾರನ್ನು ಹಿಡಿದು ನಿಲ್ಲುವ ಮೂರು ಕಾಲಿನ ಸ್ಟ್ಯಾಂಡನ್ನೇ ರೂಪಿಸಿದರು. ಇಬ್ಬರ ಉದ್ದೇಶವೂ ಒಂದೇ, ಎರಡು ಕೈಗಳೂ ನುಡಿಸಲು ಮುಕ್ತವಾಗಿರಬೇಕು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಗಿಟಾರ್ ತಯಾರಕ ಆಂಟೋನಿಯೊ ದೆ ಟೊರೆಸ್ ಗಿಟಾರಿನ ಬಾಡಿಯನ್ನು ದೊಡ್ಡದು ಮಾಡಿ, ತಂತಿಯ ಉದ್ದವನ್ನು ಇಂದಿಗೂ ಚಾಲ್ತಿಯಲ್ಲಿರುವ 650 ಮಿ.ಮೀ.ಗೆ ನಿಲ್ಲಿಸಿದರು. ಆ ದೊಡ್ಡ ವಾದ್ಯವನ್ನು ಎಡತೊಡೆಯ ಮೇಲಿಟ್ಟು, ಎಡಪಾದದ ಕೆಳಗೆ ಕಾಲ್ಮಣೆ ಇಡುವ ಕ್ರಮ ವಾದಕ ಫ್ರಾನ್ಸಿಸ್ಕೊ ತಾರೆಗಾ ಮತ್ತು ಅವರ ಶಿಷ್ಯರ ಕಾಲದಲ್ಲಿ ನೆಲೆಯೂರಿತು.

ಇಂದು ನಿಮ್ಮ ಮುಂದೆ ಇರುವ ಆಯ್ಕೆಗಳು ಸುಮಾರಾಗಿ ಮೂರು. ಬಲತೊಡೆಯ ಮೇಲೆ ಇಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕಾರ್ಡ್ ಹಿಡಿದು ಹಾಡುವವರಿಗೆ ಇದು ಸಾಕಾಗುತ್ತದೆ, ಆದರೆ ನೆಕ್ ಎಡಕ್ಕೆ ದೂರ ಹೋಗುವುದರಿಂದ ಮೊದಲ ಫ್ರೆಟ್‌ಗೆ ಎಡತೋಳು ಚಾಚಬೇಕಾಗುತ್ತದೆ. ಕಾಲ ಮೇಲೆ ಕಾಲು ಹಾಕಿ ನುಡಿಸುವುದನ್ನು ಫ್ಲಮೆಂಕೊ ವಾದಕ ಪಾಕೊ ದೆ ಲೂಸಿಯಾ ಜನಪ್ರಿಯಗೊಳಿಸಿದರು. ಹಾಗೆ ಕೂತರೆ ನೆಕ್ ಚೆನ್ನಾಗಿ ಮೇಲೇರುತ್ತದೆ, ಆದರೆ ಬಹಳ ಹೊತ್ತು ಕೂತರೆ ಕಾಲಿಗೆ ಜೋಮು ಹಿಡಿಯುತ್ತದೆ. ಎರಡನೆಯದು ಎಡತೊಡೆ ಮತ್ತು ಕಾಲ್ಮಣೆ. ಗಿಟಾರಿನ ತಲೆ ಹೆಗಲಿನ ಎತ್ತರಕ್ಕೆ ಬರುತ್ತದೆ, ಎಡಗೈಗೆ ಇದಕ್ಕಿಂತ ಅನುಕೂಲವಾದ ಕೋನ ಇನ್ನೊಂದಿಲ್ಲ. ಇದರ ಬೆಲೆಯನ್ನು ಸೊಂಟ ತೆರುತ್ತದೆ. ಒಂದೇ ಕಾಲು ಮೇಲಿರುವುದರಿಂದ ಸೊಂಟ ಓರೆಯಾಗುತ್ತದೆ, ದಿನಕ್ಕೆ ಒಂದೆರಡು ಗಂಟೆ ಹೀಗೆ ಕೂರುವವರಲ್ಲಿ ಕೆಳಬೆನ್ನಿನ ನೋವು ಸಾಮಾನ್ಯ. ಪಾದವನ್ನು ನೆಲದಲ್ಲೇ ಇಟ್ಟು, ತೊಡೆ ಮತ್ತು ಗಿಟಾರಿನ ನಡುವೆ ಗಟ್ಟಿ ದಿಂಬನ್ನೋ ಅದಕ್ಕೆಂದೇ ಮಾಡಿದ ಚೌಕಟ್ಟನ್ನೋ ಇಡುವುದು ಇದಕ್ಕೆ ಪರಿಹಾರ. ರಬ್ಬರ್ ಬಟ್ಟಲುಗಳಿಂದ ಗಿಟಾರಿಗೆ ಕಚ್ಚಿಕೊಳ್ಳುವ ಚೌಕಟ್ಟುಗಳು ಹೊಳಪಿನ ಮೇಲ್ಮೈಗೆ ಮಾತ್ರ ನಿಲ್ಲುತ್ತವೆ. ಮಂದ ಮೇಲ್ಮೈಯಲ್ಲಿ ಕಳಚಿ ಬೀಳುತ್ತವೆ, ಅರಗಿನ ಪಾಲಿಶ್ ಇರುವ ಬೆಲೆಬಾಳುವ ಗಿಟಾರಿನಲ್ಲಿ ಗುರುತು ಉಳಿಸುತ್ತವೆ.

ಮೂರನೆಯದು ಸ್ಟ್ರ್ಯಾಪ್, ಕುಳಿತು ನುಡಿಸುವಾಗಲೂ. ನನ್ನನ್ನು ಕೇಳಿದರೆ ಆರಂಭಿಕರಿಗೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಎಡಗೈ ಬಿಟ್ಟು ನೋಡುವ ಪರೀಕ್ಷೆಯಲ್ಲಿ ವಾಲಿದ ಗಿಟಾರ್ ಸ್ಟ್ರ್ಯಾಪ್ ಹಾಕಿದ ಕೂಡಲೇ ನೆಟ್ಟಗೆ ನಿಲ್ಲುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಬಹಳಷ್ಟು ಅಕೌಸ್ಟಿಕ್ ಗಿಟಾರುಗಳಿಗೆ ತಳದಲ್ಲಿ ಒಂದೇ ಬಟನ್ ಇರುತ್ತದೆ. ಅಂಥವುಗಳಲ್ಲಿ ಸ್ಟ್ರ್ಯಾಪಿನ ಇನ್ನೊಂದು ತುದಿಯನ್ನು ದಾರದಿಂದ ಗಿಟಾರಿನ ತಲೆಗೆ, ನಟ್‌ನ (ತಲೆಯ ಬುಡದಲ್ಲಿ ತಂತಿಗಳು ಕೂರುವ ಸೀಳುಪಟ್ಟಿಯ) ಆಚೆ, ತಂತಿಗಳ ಅಡಿಯಿಂದ ಹಾಯಿಸಿ ಕಟ್ಟಬೇಕು. ಅದು ಎಡಗೈಗೆ ಅಡ್ಡ ಬರುತ್ತಿದ್ದರೆ ನೆಕ್‌ನ ಬುಡದಲ್ಲಿ ಎರಡನೆಯ ಬಟನ್ ಹಾಕಿಸಿ. ಇದು ಗಿಟಾರ್ ರಿಪೇರಿ ಮಾಡುವವರ ಸಣ್ಣ ಕೆಲಸ. ಮನೆಯಲ್ಲಿ ಸ್ಕ್ರೂ ಹೊಡೆಯಲು ಹೋಗಬೇಡಿ, ಅಲ್ಲಿನ ಮರ ಸೀಳಿದರೆ ನೆಕ್ ನಿಲ್ಲುವ ಜಾಗವೇ ಸಡಿಲವಾದೀತು.

ಎಡ ಮಣಿಕಟ್ಟು ಮತ್ತು ಹೆಬ್ಬೆರಳು

ಗಿಟಾರ್ ಬದಿಗಿಟ್ಟು ಒಂದು ಕೆಲಸ ಮಾಡಿ. ಎಡ ಅಂಗೈಯನ್ನು ಮುಂಗೈಯ ಒಳಬದಿಗೆ ಆದಷ್ಟು ಮಡಿಸಿ, ಹಾಗೆಯೇ ಹಿಡಿದು ಬಿಗಿಯಾಗಿ ಮುಷ್ಟಿ ಕಟ್ಟಲು ಪ್ರಯತ್ನಿಸಿ. ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ, ಮುಚ್ಚಿದರೂ ಬಲ ಬರುವುದಿಲ್ಲ. ಮಣಿಕಟ್ಟನ್ನು ನೇರ ಮಾಡಿದ ಕೂಡಲೇ ಬಲ ಮರಳುತ್ತದೆ. ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಅಂಗೈಯಲ್ಲಿಲ್ಲ, ಮುಂಗೈಯಲ್ಲಿವೆ. ಅವುಗಳ ಸ್ನಾಯುರಜ್ಜುಗಳು ಮಣಿಕಟ್ಟಿನ ಕಿರಿದಾದ ದಾರಿಯಲ್ಲಿ ಹಾದು ಬೆರಳನ್ನು ತಲಪುತ್ತವೆ. ಮಣಿಕಟ್ಟು ಮಡಿದಾಗ ಎಳೆಯುವ ರಜ್ಜು ಸಡಿಲವಾಗುತ್ತದೆ, ಎದುರು ಬದಿಯದು ಬಿಗಿಯುತ್ತದೆ, ಅದೇ ದಾರಿಯಲ್ಲಿ ಸಾಗುವ ನರದ ಮೇಲೂ ಒತ್ತಡ ಬೀಳುತ್ತದೆ. ಬ್ಯಾರೆ ಕಾರ್ಡಿಗೆ (ಒಂದೇ ಬೆರಳನ್ನು ಅಡ್ಡಲಾಗಿಟ್ಟು ಹಲವು ತಂತಿಗಳನ್ನು ಒತ್ತುವ ಕಾರ್ಡಿಗೆ) ಬಲ ಸಾಲುತ್ತಿಲ್ಲ ಎನ್ನುವವರ ಮಣಿಕಟ್ಟನ್ನು ಮೊದಲು ನೋಡಬೇಕಾದ್ದು ಇದಕ್ಕೇ.

ಮಣಿಕಟ್ಟು ಏಕೆ ಮಡಿಯುತ್ತದೆ? ನೆಕ್ ಅಡ್ಡವಾಗಿಯೋ ಕೆಳಮುಖವಾಗಿಯೋ ಇದ್ದಾಗ ಬೆರಳುಗಳು ತಂತಿಗೆ ನೆಟ್ಟಗೆ ಬೀಳಬೇಕಾದರೆ ಮಣಿಕಟ್ಟು ಮಡಿಯದೆ ಬೇರೆ ದಾರಿಯಿಲ್ಲ. ನೆಕ್ ಮೇಲೇರಿದಷ್ಟೂ ಮಣಿಕಟ್ಟು ನೇರವಾಗುತ್ತದೆ. ಸರಿಯಾದ ಎತ್ತರ ಕಂಡುಕೊಳ್ಳಲು ಎಡತೋಳನ್ನು ಪಕ್ಕದಲ್ಲಿ ಸಡಿಲವಾಗಿ ಇಳಿಬಿಡಿ. ಮಣಿಕಟ್ಟು ಹೇಗಿದೆ ನೋಡಿ, ಅದು ನೇರವಾಗಿ, ಬೆರಳುಗಳು ತುಸು ಬಾಗಿ ಇರುತ್ತವೆ. ಆ ಆಕಾರ ಕೆಡದಂತೆ ಮೊಣಕೈಯನ್ನು ಮಾತ್ರ ಮಡಿಸಿ ಕೈಯನ್ನು ಮೇಲಕ್ಕೆ ತನ್ನಿ. ಕೈ ಎಲ್ಲಿ ನಿಂತಿತೋ ಅಲ್ಲಿಗೆ ನೆಕ್ ಬರುವಂತೆ ಗಿಟಾರನ್ನು ಹೊಂದಿಸಿ. ಬಹುತೇಕರಿಗೆ ಗಿಟಾರಿನ ತಲೆ ತಾವು ಅಂದುಕೊಂಡದ್ದಕ್ಕಿಂತ ಮೇಲಕ್ಕೆ ಬರುತ್ತದೆ. ಜೊತೆಗೆ ತಲೆಯ ಭಾಗವನ್ನು ಎದೆಗೆ ಸಮಾನಾಂತರವಾಗಿ ಇಡದೆ ಸ್ವಲ್ಪ ಮುಂದಕ್ಕೆ ಚಾಚಿ. ಮೊದಲ ಫ್ರೆಟ್‌ಗೆ ಹೋದಾಗ ಎಡ ಮೊಣಕೈ ಬೆನ್ನಿನ ಕಡೆ ಸರಿಯುವುದು ಇದರಿಂದ ತಪ್ಪುತ್ತದೆ. ಎಡ ಮೊಣಕೈಯನ್ನು ತೊಡೆಗೋ ಪಕ್ಕೆಗೋ ಊರಿ ನುಡಿಸುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ತೋಳು ತೂಗಾಡುವಷ್ಟು ಸ್ವತಂತ್ರವಾಗಿರಬೇಕು.

ಈಗ ಹೆಬ್ಬೆರಳು. ಐದನೆಯ ಫ್ರೆಟ್‌ನಲ್ಲಿ ಬ್ಯಾರೆ ಹಿಡಿದು, ಹೆಬ್ಬೆರಳನ್ನು ನೆಕ್‌ನಿಂದ ಪೂರ್ತಿ ತೆಗೆಯಿರಿ. ಬಲ ಮುಂಗೈ ಗಿಟಾರಿನ ಬಾಡಿಯನ್ನು ಎದೆಗೆ ಒತ್ತಿ ಹಿಡಿದಿರಲಿ, ಎಡತೋಳಿನ ಭಾರ ಬೆರಳಿನ ಮೂಲಕ ಹಿಂದಕ್ಕೆ ಎಳೆಯಲಿ. ತಂತಿಗಳು ನುಡಿಯುತ್ತವೆ! ಮೊದಲ ಸಲ ಮಾಡುವವರಿಗೆ ಇದು ನಂಬಲಾಗದ ಸಂಗತಿ. ಹೆಬ್ಬೆರಳು ಇಷ್ಟು ದಿನ ಇಕ್ಕಳದಂತೆ ಒತ್ತುತ್ತಿದ್ದುದರಲ್ಲಿ ಬಹುಭಾಗ ಅನಗತ್ಯವಾಗಿತ್ತು ಎಂದು ಕೈಗೆ ಅರ್ಥವಾಗುತ್ತದೆ. ಆಮೇಲೆ ಹೆಬ್ಬೆರಳನ್ನು ಮರಳಿ ಇಡಿ, ನಡುಬೆರಳಿನ ಎದುರಿಗೆ, ನೆಕ್‌ನ ಬೆನ್ನಿಗೆ, ದಾರಿ ತೋರಿಸುವಷ್ಟು ಮಾತ್ರ.

ಬೆರಳಿನ ಒತ್ತಡವನ್ನೂ ಅಳೆಯಬಹುದು. ಮೂರನೆಯ ಫ್ರೆಟ್‌ನಲ್ಲಿ ಒಂದು ತಂತಿಯ ಮೇಲೆ ಬೆರಳನ್ನು ಬರಿದೇ ತಾಗಿಸಿ ಮೀಟಿ, ಮಂಕಾದ ಸದ್ದು ಬರುತ್ತದೆ. ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಮೀಟುತ್ತಿರಿ. ಸ್ವರ ಸ್ಪಷ್ಟವಾದ ಕ್ಷಣದಲ್ಲಿ ನಿಲ್ಲಿಸಿ. ಬೇಕಾದದ್ದು ಅಷ್ಟೇ. ಫ್ರೆಟ್ ಕಂಬಿಗೆ ಒತ್ತಿಕೊಂಡಂತೆ, ಅದರ ಹಿಂಬದಿಯಲ್ಲಿ ಬೆರಳಿಟ್ಟರೆ ಆ ಒತ್ತಡ ಇನ್ನೂ ಕಡಿಮೆ ಸಾಕು. ಎರಡು ಕಂಬಿಗಳ ನಡುಮಧ್ಯದಲ್ಲಿ ಇಟ್ಟರೆ ಹೆಚ್ಚು ಬೇಕು.

ಹೆಬ್ಬೆರಳನ್ನು ನೆಕ್‌ನ ಮೇಲಂಚಿನಿಂದ ಇಣುಕುವಂತೆ ಹಿಡಿಯುವುದು ತಪ್ಪೇ? ಅಲ್ಲ. ತಂತಿಯನ್ನು ಎಳೆದು ಸ್ವರ ಬಾಗಿಸುವಾಗ ಆ ಹಿಡಿತವೇ ಆಸರೆ. ಬ್ಲೂಸ್, ರಾಕ್ ನುಡಿಸುವವರು ಅದನ್ನು ಬಿಡುವಂತಿಲ್ಲ. ಆದರೆ ಅದೇ ಹಿಡಿತದಲ್ಲಿ ಬ್ಯಾರೆ ಹಿಡಿಯಲೂ ನಾಲ್ಕು ಫ್ರೆಟ್ ಚಾಚಲೂ ಹೊರಟರೆ ಕೈ ನೋಯುತ್ತದೆ. ಎರಡೂ ಹಿಡಿತಗಳು ಬೇಕು, ಸಂದರ್ಭಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸರಿಯುವುದು ಬರಬೇಕು.

ಬಲ ಹೆಗಲು, ಬಲ ಮುಂಗೈ

ಕನ್ನಡಿಯ ಮುಂದೆ ಕುಳಿತು ನುಡಿಸಿ. ಬಲ ಹೆಗಲು ಎಡದಕ್ಕಿಂತ ಮೇಲಿದೆಯೇ? ಹಾಗಿದ್ದರೆ ಗಿಟಾರ್ ನಿಮಗೆ ದೊಡ್ಡದಾಗಿದೆ ಅಥವಾ ತೀರ ಮೇಲಿದೆ. ನಮ್ಮಲ್ಲಿ ಹೊಸಬರು ಕೊಳ್ಳುವ ಅಕೌಸ್ಟಿಕ್ ಗಿಟಾರುಗಳಲ್ಲಿ ಡ್ರೆಡ್‌ನಾಟ್ ಆಕಾರ ಬಹಳ ಸಾಮಾನ್ಯ. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಎಂಬ ವ್ಯಾಪಾರ ಸಂಸ್ಥೆಗಾಗಿ ಇದನ್ನು ಮೊದಲು ತಯಾರಿಸಿತು, ಆ ಕಾಲದ ದೊಡ್ಡ ಯುದ್ಧನೌಕೆಯೊಂದರ ಹೆಸರನ್ನು ಇಟ್ಟಿತು. ಜೋರಾದ, ತುಂಬು ಮಂದ್ರದ ನಾದಕ್ಕಾಗಿ ಹುಟ್ಟಿದ ಆಕಾರ ಅದು, ಕೂರುವವರ ಹಾಯನ್ನು ನೆನೆದು ಹುಟ್ಟಿದ್ದಲ್ಲ. ಅದರ ಅಗಲ ಸುಮಾರು 40 ಸೆಂ.ಮೀ., ಆಳ ಸುಮಾರು 12 ಸೆಂ.ಮೀ. ಇಷ್ಟು ದಪ್ಪದ ಪೆಟ್ಟಿಗೆಯ ಮೇಲಿಂದ ತೋಳು ಹಾಯಿಸಬೇಕಾದರೆ ಕುಳ್ಳಗಿನವರ ಹೆಗಲು ಏರಲೇಬೇಕು. ಆರ್ಕೆಸ್ಟ್ರಾ ಮಾದರಿಯ ಗಿಟಾರಿನ ಅಗಲ ಸುಮಾರು 38 ಸೆಂ.ಮೀ., ಆಳ ಸುಮಾರು 10.5 ಸೆಂ.ಮೀ. ಅಂಕಿಗಳಲ್ಲಿ ವ್ಯತ್ಯಾಸ ಚಿಕ್ಕದು, ಹೆಗಲಿಗೆ ಅದು ಬಹಳ ದೊಡ್ಡದು. ಅಂಗಡಿಗೆ ಹೋದಾಗ ಎರಡನ್ನೂ ಮಡಿಲಲ್ಲಿಟ್ಟು ಕಣ್ಣು ಮುಚ್ಚಿ ಕುಳಿತು ನೋಡಿ, ಆಮೇಲೆ ನಾದ ಕೇಳಿ.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಬೆಳೆದ ಮೇಲೂ ಬರಲಿ ಎಂದು ಎಂಟು ವರ್ಷದ ಮಗುವಿಗೆ ಪೂರ್ಣ ಅಳತೆಯ ಗಿಟಾರ್ ಕೊಡಿಸುವುದು ಸರಿಯಲ್ಲ. ಮುಕ್ಕಾಲು ಅಳತೆಯ ಗಿಟಾರಿನಲ್ಲಿ ತಂತಿಯ ಉದ್ದ ಸುಮಾರು 58 ಸೆಂ.ಮೀ., ಅರ್ಧ ಅಳತೆಯದರಲ್ಲಿ ಸುಮಾರು 53 ಸೆಂ.ಮೀ. ಮಗು ಎರಡು ವರ್ಷದಲ್ಲಿ ಅದನ್ನು ಮೀರಿ ಬೆಳೆದರೆ ಮಾರಬಹುದು. ನೋವಿನಿಂದ ಸಂಗೀತ ಬಿಟ್ಟ ಮಗುವನ್ನು ಮರಳಿ ಕರೆತರುವುದು ಕಷ್ಟ.

ಬಲ ಮುಂಗೈಗೆ ಜೋಮು ಹಿಡಿಯುತ್ತಿದ್ದರೆ ಗಿಟಾರಿನ ಅಂಚು ಒಂದೇ ಜಾಗವನ್ನು ಒತ್ತುತ್ತಿದೆ. ಅಂಚು ತಾಗಬೇಕಾದ್ದು ಮೊಣಕೈಯಿಂದ ಸ್ವಲ್ಪ ಕೆಳಗೆ, ಮಾಂಸ ಇರುವ ಕಡೆ. ಮಣಿಕಟ್ಟಿನ ಹತ್ತಿರ ತಾಗುತ್ತಿದ್ದರೆ ಮಣಿಕಟ್ಟು ಕೂಡ ಮಡಿದಿರುತ್ತದೆ. ಗಿಟಾರನ್ನು ಬಲಕ್ಕೆ ಅಥವಾ ಎಡಕ್ಕೆ ಒಂದೆರಡು ಬೆರಳಷ್ಟು ಸರಿಸಿ, ತುಂಬುತೋಳಿನ ಅಂಗಿ ಹಾಕಿ, ಇಲ್ಲವೇ ಅಂಚಿನ ಮೇಲೆ ಮಡಿಸಿದ ಕರವಸ್ತ್ರ ಹಾಕಿ.

ಕತ್ತು ಮತ್ತು ಬೆನ್ನು

ಇಂದಿನ ಕಲಿಕೆಯಲ್ಲಿ ಕತ್ತುನೋವಿನ ದೊಡ್ಡ ಕಾರಣ ಮೊಬೈಲ್. ಮಂಚದ ಮೇಲಿಟ್ಟ ಮೊಬೈಲಿನಲ್ಲಿ ಪಾಠ ನೋಡುತ್ತ, ಅದರ ಕಡೆ ಬಗ್ಗಿ, ಮರುಕ್ಷಣ ಫ್ರೆಟ್‌ಬೋರ್ಡಿನ ಮೇಲೆ ಇಣುಕುತ್ತ ಒಂದು ಗಂಟೆ ಕಳೆದರೆ ಯಾವ ಕುರ್ಚಿಯೂ ಕಾಪಾಡುವುದಿಲ್ಲ. ಪರದೆ ಕಣ್ಣಿನ ಮಟ್ಟದಲ್ಲಿ, ನೇರ ಎದುರಿಗೆ ಅಥವಾ ಸ್ವಲ್ಪ ಎಡಕ್ಕೆ ಇರಲಿ. ಎಡಕ್ಕೆ ಇದ್ದರೆ ನೆಕ್ ಮತ್ತು ಪರದೆ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ.

ಫ್ರೆಟ್‌ಬೋರ್ಡಿನ ಮುಖ ನೋಡುವುದನ್ನು ಬಿಡಿಸುವುದು ಇದಕ್ಕಿಂತ ಕಷ್ಟ. ನೆಕ್‌ನ ಮೇಲಂಚಿನಲ್ಲಿ, ನಿಮ್ಮ ಕಣ್ಣಿಗೆ ಕಾಣುವಂತೆ, ಸಣ್ಣ ಚುಕ್ಕೆಗಳಿರುತ್ತವೆ: ಸಾಮಾನ್ಯವಾಗಿ 3, 5, 7, 9 ಮತ್ತು 12ನೆಯ ಫ್ರೆಟ್‌ಗಳಲ್ಲಿ. ಅವು ಇರುವುದೇ ನುಡಿಸುವವರಿಗಾಗಿ. ನಿಮ್ಮ ಗಿಟಾರಿನಲ್ಲಿ ಇಲ್ಲದಿದ್ದರೆ, ಶಾಸ್ತ್ರೀಯ ಗಿಟಾರುಗಳಲ್ಲಿ ಹಲವು ಸಲ ಇರುವುದಿಲ್ಲ, ಬಿಳಿ ಸ್ಟಿಕ್ಕರಿನ ಚೂರುಗಳನ್ನು ಅಂಟಿಸಿಕೊಳ್ಳಿ. ಗಿಟಾರಿನ ಮುಖವನ್ನು ನೆಟ್ಟಗೆ ನಿಲ್ಲಿಸಿ, ಚುಕ್ಕೆಗಳನ್ನು ಮಾತ್ರ ನೋಡುತ್ತ ಗೊತ್ತಿರುವ ಕಾರ್ಡುಗಳನ್ನು ನಿಧಾನವಾಗಿ ಬದಲಿಸಿ. ಮೊದಮೊದಲು ಬೆರಳು ತಪ್ಪುತ್ತದೆ. ಆದರೂ ಮುಖ ಮೇಲಕ್ಕೆ ತಿರುಗಿದ ಗಿಟಾರಿನಲ್ಲಿ ಮಣಿಕಟ್ಟು ತಂತಿಯನ್ನು ಸುತ್ತಿಕೊಂಡು ಮಡಿಯಬೇಕಾಗುವುದರಿಂದ ಈ ಕಷ್ಟ ಪಡುವುದು ಸಾರ್ಥಕ.

ವಾದ್ಯದಲ್ಲೇ ದೋಷವಿದ್ದರೆ

ಆಸನ, ಆಧಾರ, ಕೈ ಎಲ್ಲವೂ ಸರಿಯಾದ ಮೇಲೂ ಕಷ್ಟ ಉಳಿದರೆ ತಂತಿಯ ಎತ್ತರ ಅಳೆಯಿರಿ. ಹನ್ನೆರಡನೆಯ ಫ್ರೆಟ್ ಕಂಬಿಯ ನೆತ್ತಿಯಿಂದ ದಪ್ಪ ತಂತಿಯ ತಳಕ್ಕೆ ಲೋಹದ ತಂತಿಯ ಗಿಟಾರಿನಲ್ಲಿ ಸುಮಾರು 2.5 ಮಿ.ಮೀ., ಸಣ್ಣ ತಂತಿಗೆ ಸುಮಾರು 2 ಮಿ.ಮೀ. ಇದ್ದರೆ ಹದ. ನೈಲಾನ್ ತಂತಿಯದರಲ್ಲಿ 4 ಮತ್ತು 3 ಮಿ.ಮೀ. ಆಸುಪಾಸು. ಇದಕ್ಕಿಂತ ಬಹಳ ಹೆಚ್ಚಿದ್ದರೆ ಸ್ಯಾಡಲ್ (ಬಾಡಿಯ ಮೇಲೆ ತಂತಿಗಳು ಆನಿಕೊಳ್ಳುವ ಪಟ್ಟಿ) ಅಥವಾ ನೆಕ್‌ನ ಬಾಗನ್ನು ಸರಿಪಡಿಸಬೇಕು.

ನಟ್‌ನ ದೋಷವನ್ನು ಹಿಡಿಯಲು ಕೇಪೊ (ನೆಕ್‌ಗೆ ಕಚ್ಚಿಸಿ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಸಾಕು. ಎಫ್ ಕಾರ್ಡ್ ಕಷ್ಟ, ಆದರೆ ಮೊದಲ ಫ್ರೆಟ್‌ಗೆ ಕೇಪೊ ಹಾಕಿ ಅದೇ ಆಕಾರ ಹಿಡಿದರೆ ಕೈ ಹಗುರವಾಗುತ್ತದೆ ಎಂದಾದರೆ ನಟ್‌ನ ಸೀಳುಗಳು ಎತ್ತರವಾಗಿವೆ. ಇನ್ನೊಮ್ಮೆ ಖಚಿತ ಮಾಡಿಕೊಳ್ಳಲು, ಕೇಪೊ ತೆಗೆದು ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿ ಮೊದಲ ಕಂಬಿಯ ಮೇಲಿನ ಅಂತರ ನೋಡಿ. ತೆಳು ಕಾಗದ ನುಸುಳುವಷ್ಟಿದ್ದರೆ ಸರಿ. ಅದಕ್ಕಿಂತ ಎದ್ದು ಕಾಣುವಷ್ಟಿದ್ದರೆ ರಿಪೇರಿಯವರ ಬಳಿ ಸೀಳುಗಳನ್ನು ಅರದಿಂದ ಉಜ್ಜಿಸಿ ತಗ್ಗಿಸಿಕೊಳ್ಳಿ. ಅಗ್ಗದ ಗಿಟಾರುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಎಫ್ ಕಾರ್ಡಿಗೆ ಹೆದರಿ ಗಿಟಾರ್ ಬಿಟ್ಟವರಲ್ಲಿ ಹಲವರು ನಿಜವಾಗಿ ನಟ್‌ಗೆ ಸೋತವರು ಎಂಬುದು ನನ್ನ ನಂಬಿಕೆ.

ತಂತಿಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. 12ರ ಸೆಟ್ ಎಂದು ಕರೆಯುವ (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಭಾಗ ಇರುವ) ತಂತಿಗಳು ಶ್ರುತಿಗೆ ಏರಿದಾಗ ಒಟ್ಟು ಸುಮಾರು 70 ಕಿಲೋ ಎಳೆತ ಹುಟ್ಟುತ್ತದೆ, ನೈಲಾನ್ ತಂತಿಗಳಲ್ಲಿ ಸುಮಾರು 40 ಕಿಲೋ. 10ರ ಸೆಟ್‌ಗೆ ಇಳಿದರೆ ನಾದ ಸ್ವಲ್ಪ ತೆಳುವಾಗುತ್ತದೆ, ಬೆರಳಿಗೆ ಮಾತ್ರ ಅಂದೇ ಬಿಡುಗಡೆ.

ಹವಾಮಾನವನ್ನು ಮರೆಯಬೇಡಿ. ಮಂಗಳೂರು, ಉಡುಪಿಯ ಕಡೆ ಮಳೆಗಾಲದ ತೇವಕ್ಕೆ ಮರ ಹಿಗ್ಗಿ ಗಿಟಾರಿನ ಮುಖಹಲಗೆ ಉಬ್ಬುತ್ತದೆ, ಅದರ ಮೇಲೆ ತಂತಿಗಳನ್ನು ಹಿಡಿದಿರುವ ಬ್ರಿಜ್ ಮೇಲೇರುತ್ತದೆ, ತಂತಿಯೂ ಅದರೊಡನೆ ಏರುತ್ತದೆ. ಕಲಬುರಗಿ, ಬಳ್ಳಾರಿಯ ಒಣ ಬೇಸಗೆಯಲ್ಲಿ ಇದಕ್ಕೆ ವಿರುದ್ಧ, ಹಲಗೆ ಕುಗ್ಗಿ ತಂತಿ ಕಂಬಿಗೆ ತಾಗಿ ಗರಗರ ಎನ್ನುತ್ತದೆ. ಮೇ ತಿಂಗಳಲ್ಲಿ ಹಾಯಾಗಿದ್ದ ಗಿಟಾರ್ ಜುಲೈನಲ್ಲಿ ಕೈ ನೋಯಿಸಿದರೆ ನಿಮ್ಮ ಕೂರುವ ಭಂಗಿಯನ್ನು ಬದಲಿಸುವ ಮೊದಲು ಸ್ಕೇಲ್ ಹಿಡಿದು ಅಳೆಯಿರಿ.

ನಿಂತು ನುಡಿಸುವಾಗ

ಕುಳಿತಾಗ ಸರಿ, ನಿಂತಾಗ ಬರುವುದಿಲ್ಲ ಎಂಬ ದೂರಿಗೆ ಕಾರಣ ಒಂದೇ: ಎರಡು ಭಂಗಿಗಳಲ್ಲಿ ಗಿಟಾರ್ ಬೇರೆ ಬೇರೆ ಎತ್ತರದಲ್ಲಿದೆ. ಕುಳಿತಿರುವಾಗಲೇ ಸ್ಟ್ರ್ಯಾಪನ್ನು ಬಿಗಿ ಮಾಡಿ, ಎದ್ದು ನಿಂತರೂ ಗಿಟಾರ್ ಇದ್ದಲ್ಲೇ ಉಳಿಯಬೇಕು. ರಾಕ್ ವಾದಕ ಜಿಮ್ಮಿ ಪೇಜ್ ಗಿಟಾರನ್ನು ಸೊಂಟದ ಕೆಳಗೆ ಇಳಿಬಿಟ್ಟು ನುಡಿಸಿದ್ದು ನಿಜ, ಇನ್ನೊಬ್ಬ ರಾಕ್ ವಾದಕ ಟಾಮ್ ಮೊರೆಲ್ಲೊ ಎದೆಯ ಹತ್ತಿರ ಏರಿಸಿಕೊಳ್ಳುವುದೂ ನಿಜ. ಮಣಿಕಟ್ಟು ನೋಯುತ್ತಿರುವಾಗ ಎರಡನೆಯವರ ದಾರಿ ಹಿಡಿಯಿರಿ.

ಗಿಬ್ಸನ್ ಎಸ್‌ಜಿಯಂಥ ಹಗುರ ಬಾಡಿಯ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ನೆಕ್ ತಾನಾಗಿ ಕೆಳಗೆ ವಾಲುತ್ತದೆ. ಒಳಬದಿ ಒರಟಾಗಿರುವ ಅಗಲವಾದ ಚರ್ಮದ ಸ್ಟ್ರ್ಯಾಪ್ ಹೆಗಲಿನ ಮೇಲೆ ಜಾರದೆ ಅದನ್ನು ತಡೆಯುತ್ತದೆ. ಲೆಸ್ ಪಾಲ್ ಮಾದರಿಯಲ್ಲಿ ತೊಂದರೆ ಬೇರೆ, 4 ಕಿಲೋ ಮೀರುವ ಭಾರ. ಅಗಲ ಸ್ಟ್ರ್ಯಾಪ್ ಅಲ್ಲಿಯೂ ನೆರವಾಗುತ್ತದೆ, ಆದರೆ ಎರಡು ಗಂಟೆಯ ಕಾರ್ಯಕ್ರಮದಲ್ಲಿ ನಡುನಡುವೆ ಕೂರುವುದೇ ಲೇಸು.

ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು

ನುಡಿಸುವುದನ್ನು ನಿಲ್ಲಿಸಿದ ಮೇಲೂ ಜೋಮು ಉಳಿದರೆ, ರಾತ್ರಿ ಕೈ ಮರಗಟ್ಟಿ ಎಚ್ಚರವಾದರೆ, ಲೋಟ ಹಿಡಿಯಲು ಬಲ ಸಾಲದಿದ್ದರೆ ಕುರ್ಚಿ ಬದಲಿಸುತ್ತ ಕೂರಬೇಡಿ. ಗಿಟಾರ್ ಕೆಳಗಿಟ್ಟು ವೈದ್ಯರನ್ನು ಕಾಣಿರಿ. ನೋವಿಲ್ಲದಿದ್ದರೂ ಒಂದು ಬೆರಳು ನುಡಿಸುವಾಗ ಮಾತ್ರ ತಾನಾಗಿ ಮಡಿಚಿಕೊಳ್ಳುವುದು ಅಥವಾ ಸೆಟೆದುಕೊಳ್ಳುವುದು ಕಂಡರೆ ನರರೋಗ ತಜ್ಞರಿಗೆ ತೋರಿಸಿ. ವಾದಕರನ್ನು ಕಾಡುವ ಡಿಸ್ಟೋನಿಯಾ ಎಂಬ ತೊಂದರೆ ಹೀಗೆ ಆರಂಭವಾಗುತ್ತದೆ, ಹೆಚ್ಚು ಅಭ್ಯಾಸ ಮಾಡಿ ಅದನ್ನು ಗೆಲ್ಲಲು ಹೊರಟರೆ ಉಲ್ಬಣಿಸುತ್ತದೆ.

ಯಾವ ಬೆರಳಿಗೆ ಜೋಮು ಎಂಬುದನ್ನು ಸರಿಯಾಗಿ ನೋಡಿಕೊಂಡು ಹೋಗಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆಗಿದ್ದರೆ ಮಣಿಕಟ್ಟಿನಲ್ಲಿ ಒತ್ತಿಹೋದ ನರದ ಕಡೆ ಸಂಶಯ ಹೋಗುತ್ತದೆ. ಕಿರುಬೆರಳು ಮತ್ತು ಉಂಗುರಬೆರಳಿನ ಕಿರುಬೆರಳ ಕಡೆಯ ಅರ್ಧ ಆಗಿದ್ದರೆ ಮೊಣಕೈಯ ಒಳಬದಿಯಲ್ಲಿ ಹಾಯುವ ನರದ ಕಡೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಪಕ್ಕಕ್ಕೆ ಸಾಗುವ ನೋವು ಸ್ನಾಯುರಜ್ಜಿನ ಊತದ ಲಕ್ಷಣ ಇರಬಹುದು. ಎಷ್ಟು ಹೊತ್ತು ನುಡಿಸಿದ ಮೇಲೆ ಶುರುವಾಗುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ, ದಿನವಿಡೀ ಕಂಪ್ಯೂಟರಿನಲ್ಲಿ ಕೆಲಸವೇ ಎಂಬುದನ್ನೂ ಹೇಳಿ. ನೀವು ನುಡಿಸುತ್ತಿರುವುದನ್ನು ಎದುರಿನಿಂದ ಮತ್ತು ಎಡಬದಿಯಿಂದ ಒಂದೊಂದು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು. ಗಿಟಾರ್ ಹಿಡಿದಾಗ ಕೈ ಹೇಗೆ ಮಡಿಯುತ್ತದೆ ಎಂಬುದನ್ನು ಬಹುತೇಕ ವೈದ್ಯರು ಕಂಡಿರುವುದಿಲ್ಲ.